ಕ್ಷಮಿಸೋಕೆ ಒಬ್ಬರು ಬೇಕು

ನಮ್ಮ ಮಗಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಅವಳ ಪಾಠವೆಲ್ಲ ಧರ್ಮಗ್ರಂಥದಿಂದಲೇ. ಇದು ನನ್ನ ಹೆಂಡತಿಯ ಕಾನೂನು. ನಾನು ಬಡಗಿ, ನನ್ನ ಮಾತು ಹಿತ್ತಿಲಿನ ಕೆಲಸದ ಕೋಣೆಯ ಹೊಸ್ತಿಲು ದಾಟುವುದಿಲ್ಲ.

ಮಗಳು ಅಕ್ಷರ ತಿದ್ದಿದ್ದು ಆ ಗ್ರಂಥದ ಮೊದಲ ಪುಟದ ಮೇಲೆ, ಭೂಗೋಳ ಕಲಿತದ್ದು ಅದರಲ್ಲಿನ ಯಾತ್ರಿಕರ ಹಿಂದೆ ನಡೆದು. ಗಣಿತವೂ ಅಲ್ಲಿಂದಲೇ ಬಂತು, ಅದರ ಬಿಸಿ ಮಾತ್ರ ನನಗೆ ತಟ್ಟಿತು. ಗ್ರಂಥದಲ್ಲಿ ಅಳತೆಯೆಲ್ಲ ಮೊಳದಲ್ಲಿದೆಯಲ್ಲ, ಮಗಳು ಕಪಾಟು ಕೇಳಿದ್ದ ಗಿರಾಕಿಯ ಗೋಡೆಯನ್ನು ತನ್ನ ಪುಟ್ಟ ಮೊಳದಲ್ಲಿ ಅಳೆದು ಬಂದಳು. ಟೇಪು ಹಿಡಿದು ಮತ್ತೆ ಹೋಗಲು ಸೋಮಾರಿಯಾದ ನಾನು ನನ್ನ ಮೊಳದಲ್ಲಿ ಕಪಾಟು ಮಾಡಿದೆ. ಅದು ಗೋಡೆ ಮುಗಿದರೂ ಮುಗಿಯದೆ ಬಾಗಿಲಿಗೆ ಅಡ್ಡ ನಿಂತಿತು. ಈಗ ನಮ್ಮ ಮನೆಯಲ್ಲೇ ಇದೆ, ಗ್ರಂಥ ಇಡಲು ಒಳ್ಳೆಯ ಜಾಗವಾಯಿತು.

ಹೀಗಿರುವಾಗ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರಮ್ಮ ಪರೀಕ್ಷೆಗೆ ಬರುತ್ತಾರೆಂದು ತಿಳಿಯಿತು. ಅವರು ಒಪ್ಪದಿದ್ದರೆ ಮನೆಪಾಠಕ್ಕೆ ಬೀಗ. ನನ್ನ ಹೆಂಡತಿಗೆ ಊಟ ಸೇರಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಆ ಬೆಳಗುಗಳೆಂದರೆ ಅವಳಿಗೆ ಪ್ರಾಣ.

ಮಗಳು ನಿರರ್ಗಳವಾಗಿ ಓದಿದಳು, ನಕ್ಷೆ ಬರೆದಳು. ಮೇಜಿನ ಉದ್ದ ಕೇಳಿದರೆ, "ಯಾರ ಮೊಳದಲ್ಲಿ ಹೇಳ್ಲಿ?" ಎಂದಳು. ಕಪಾಟಿನಿಂದ ಅಷ್ಟಾದರೂ ಬುದ್ಧಿ ಬಂದಿತ್ತು. ಇನ್ಸ್‌ಪೆಕ್ಟರಮ್ಮ ನಕ್ಕು ಪೆನ್ನು ತೆಗೆದರು.

"ಕೊನೇ ಪ್ರಶ್ನೆ ಪುಟ್ಟಿ. ಇಲ್ಲಿ ಓದೋದ್ರಲ್ಲಿ ಏನಾದ್ರೂ ಕೊರತೆ ಇದೆಯಾ?"

ಮಗಳು ಅಮ್ಮನತ್ತ ತಿರುಗಿದಳು. "ನಿಜ ಹೇಳ್ಲಾ ಅಮ್ಮ?"

ಅವತ್ತು ಬೆಳಗಿನ ಪಾಠವೇ ಸತ್ಯ ನುಡಿಯುವುದರ ಬಗ್ಗೆ. ಹೆಂಡತಿ ಗ್ರಂಥ ಮುಚ್ಚಿದಳು. "ಹೇಳು," ಎಂದಳು.

"ಕ್ಷಮಿಸ್ಬೇಕು ಅಂತ ಪುಸ್ತಕದಲ್ಲಿದೆ. ಆದ್ರೆ ಯಾರನ್ನ ಕ್ಷಮಿಸ್ಲಿ? ನನ್ನ ಜೊತೆ ಜಗಳ ಆಡೋರೇ ಇಲ್ಲ. ಅಪ್ಪ ಶುರು ಮಾಡೋಕೆ ಮುಂಚೆನೇ ಸೋತುಬಿಡ್ತಾರೆ."

ಇನ್ಸ್‌ಪೆಕ್ಟರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಓದಿನಲ್ಲಿ ಏನೂ ಕಮ್ಮಿ ಇಲ್ಲ, ಒಪ್ಪಿಗೆ ಬರೀತೀನಿ," ಎಂದರು ಹೆಂಡತಿಗೆ. "ಇವಳ ಪ್ರಶ್ನೆಗೆ ಉತ್ತರ ನೀವೇ ಕೊಡ್ಬೇಕಮ್ಮ."

ಅವರು ಹೋದ ಮೇಲೆ ಹೆಂಡತಿ ಅಡುಗೆಮನೆಯಲ್ಲಿ ಅತ್ತಳು. ನನಗೂ ಸಂಕಟವಾಯಿತು. "ಗೆದ್ಯಲ್ಲೇ, ಯಾಕೆ ಅಳ್ತೀಯ?" ಎಂದೆ.

"ಕ್ಷಮಿಸ್ಬೇಕು ಅಂತ ಓದಿಸಿದ್ದು ನಾನೇ. ಅವಳು ಕೇಳಿದ್ದೂ ಅದನ್ನೇ. ಈಗ ಕೇಳಿಸ್ಲಿಲ್ಲ ಅನ್ಲಾ?"

ಮುಂದಿನ ವಾರದಿಂದ ಬೆಳಿಗ್ಗೆ ಎದ್ದ ಕೂಡಲೇ ಗ್ರಂಥ, ಆಮೇಲೆ ಶಾಲೆ ಎಂದಾಯಿತು. ಮೊದಲ ದಿನ ಹೆಂಡತಿ ಬಾಗಿಲು ಬಿಟ್ಟು ಕದಲಲಿಲ್ಲ. ಸಂಜೆ ಮಗಳು ಬಂದಳು. ಅಂಗಿಯ ತೋಳು ಹರಿದಿದೆ, ಮುಖ ಮಾತ್ರ ಊರಗಲ ಅರಳಿದೆ.

"ಅಮ್ಮಾ, ಒಬ್ಳು ಸಿಕ್ಕಿದ್ಲು!"

ಹೆಂಡತಿ ಸೂಜಿದಾರ ತಂದು ತೋಳು ಹಿಡಿದಳು. "ಕ್ಷಮಿಸಿದ್ಯಾ?"

"ಇಲ್ಲಮ್ಮ, ಇವತ್ತು ಇನ್ನೂ ಸಿಟ್ಟಿದೆ. ನಾಳೆ ಕ್ಷಮಿಸ್ತೀನಿ."

ಹೆಂಡತಿ ಒಂದು ಹೊಲಿಗೆ ಹಾಕಿ, ದಾರ ಎಳೆದಳು. "ಹಾಗಾದ್ರೆ ನಾಳೆನೂ ಹೋಗ್ಲೇಬೇಕಲ್ಲ," ಎಂದಳು.