ಖಾಲಿ ಲಾರಿಯಲ್ಲಿ ಕಚೇರಿ

ಹೊಸ ಕಚೇರಿಯಲ್ಲಿ ಪ್ರಾಣೇಶನಿಗೆ ಹುದ್ದೆ ಇರಲಿಲ್ಲ.

ಹೊಸಪೇಟೆಯ ಕಚೇರಿಯನ್ನು ಸಂಡೂರಿಗೆ ಸಾಗಿಸುವ ಆದೇಶದ ಪಟ್ಟಿಯಲ್ಲಿ ಹದಿಮೂರು ಹೆಸರಿದ್ದವು. ಅವನ ಹೆಸರು ಪಟ್ಟಿಯ ಹೊರಗೆ, ಮೇಲಿನ ಸಾಲಿನಲ್ಲಿತ್ತು: ಸ್ಥಳಾಂತರ ಮಾರ್ಗದರ್ಶಿ. ಸ್ಥಳಾಂತರ ಮುಗಿದ ದಿನ ಆ ಸಾಲಿನ ಅವಧಿಯೂ ಮುಗಿಯುತ್ತಿತ್ತು. ಆ ದಿನ ಇವತ್ತು, ಶುಕ್ರವಾರ.

ಆಮೇಲೆ ತನ್ನ ಗತಿ ಏನೆಂದು ಅವನು ಬಳ್ಳಾರಿಗೆ ಹೋಗಿ ಮೇಲಧಿಕಾರಿ ಪುರಂದರ ಸಾಹೇಬರನ್ನು ಕೇಳಿದ್ದ. ಸಾಹೇಬರು ಪೆನ್ನಿನ ಕ್ಯಾಪು ಹುಡುಕುತ್ತ, ಮೊದಲು ಎಲ್ಲ ಸುಸೂತ್ರ ಆಗಲಿ, ಒಂದು ಕಾಗದವೂ ಕಳೆಯದೆ ಸಂಡೂರು ಸೇರಲಿ, ಆಮೇಲೆ ನಿಮ್ಮದೊಂದು ಬರೆದು ಕಳಿಸೋಣ ಎಂದಿದ್ದರು. ಆ 'ಆಮೇಲೆ'ಯನ್ನು ನೆಚ್ಚಿಕೊಂಡು ಪ್ರಾಣೇಶ ಎರಡು ತಿಂಗಳು ಕಳೆದಿದ್ದ.

ಅಷ್ಟರಲ್ಲಿ ಹದಿಮೂರು ಮಂದಿಯನ್ನೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸಂಡೂರಿಗೆ ಹೋಗಲು ಒಪ್ಪಿಸಿದ. ಒಂದು ಕೈಪಿಡಿ ಬರೆದು ಹಂಚಿದ. ಅದರಲ್ಲಿ ಬಸ್ಸಿನ ವೇಳೆ, ಬಾಡಿಗೆ ಮನೆ, ಮಕ್ಕಳ ಟಿ.ಸಿ., ಕೆಂಪು ಧೂಳಿಗೆ ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ, ಎಲ್ಲ ಇತ್ತು. ಕಂಪ್ಲಿ, ಎಮ್ಮಿಗನೂರು, ಕಮಲಾಪುರದ ಗದ್ದೆಗಳ ಕಾಲುವೆ ದಾಖಲೆ ಇಡುವ ಕಚೇರಿ, ಆ ಕಾಲುವೆ ಹಾಯದ ಸಂಡೂರಿಗೆ ಯಾಕೆ ಹೋಗಬೇಕು ಎಂಬುದು ಇರಲಿಲ್ಲ. ಹೊಸಪೇಟೆಯ ಕಟ್ಟಡಕ್ಕೆ ಅದಿರಿನ ಕಂಪನಿಯೊಂದು ನಾಲ್ಕು ಪಟ್ಟು ಬಾಡಿಗೆ ಕೊಡುತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದರಿಂದ ಬರೆಯಬೇಕಾಗಿರಲಿಲ್ಲ.

ಟೈಪಿಸ್ಟ್ ನೀಲಗಂಗಮ್ಮ ಪುಟ ತಿರುವಿ ನೋಡಿ ಕೇಳಿದ್ದಳು. "ಎಲ್ಲಾರದೂ ಬರದೀರಿ. ನಿಮ್ಮದು ಯಾವ ಪುಟದಾಗ ಐತ್ರಿ, ಸರ?"

ಅವನು ಸ್ಟೇಪ್ಲರಿಗೆ ಪಿನ್ನು ತುಂಬುತ್ತ ಕೂತಿದ್ದ.

ಲಾರಿ ಮಾತ್ರ ಅವನದೇ ಜಾಣತನ. ಆ ವರ್ಷ ಹೊಸಪೇಟೆಯಲ್ಲಿ ಅದಿರು ಬಿಟ್ಟು ಬೇರೆ ಸಾಮಾನಿಗೆ ಲಾರಿ ಸಿಗುತ್ತಿರಲಿಲ್ಲ. ಅದಿರು ತರಲು ಗಣಿಗೆ ಹೋಗುವ ಲಾರಿಗಳು ಹೋಗುವಾಗ ಖಾಲಿ ಇರುತ್ತವೆ ಎಂದು ಅವನಿಗೆ ಹೊಳೆಯಿತು. ಗುಡ್ಡಪ್ಪ ಎಂಬ ಡ್ರೈವರನನ್ನು ಹಿಡಿದ. ದಾರಿಯಲ್ಲಿ ಸಂಡೂರಿನಲ್ಲಿ ಕಚೇರಿಯನ್ನು ಇಳಿಸುವುದು, ಮುಂದೆ ಗಣಿಗೆ ಹೋಗುವುದು ಎಂದು ಮಾತಾಯಿತು.

ಬೆಳಿಗ್ಗೆ ಏಳಕ್ಕೆ ಸಾಮಾನು ತುಂಬಿದರು. ಅದಿರು ಲಾರಿಗಳ ಸಾಲಿನಲ್ಲಿ ನಿಂತು ನಿಂತು ಸಂಡೂರು ಮುಟ್ಟಿದಾಗ ಹತ್ತೂಮುಕ್ಕಾಲು. ಸಾಮಾನಿಗೆ ಹೊದಿಸಿದ್ದ ನೀಲಿ ತಾಡಪಾಲು ಅಷ್ಟರಲ್ಲಿ ಕೆಂಪಾಗಿತ್ತು.

ಹೊಸ ಕಚೇರಿ ಮೊದಲು ಕಲ್ಯಾಣಮಂಟಪವೊಂದರ ಊಟದ ಹಾಲ್ ಆಗಿತ್ತು. ಕೈ ತೊಳೆಯುವ ಜಾಗ ತೋರಿಸುವ ಬಾಣ ಇನ್ನೂ ಗೋಡೆಯ ಮೇಲಿತ್ತು. ಬಸ್ಸಿನಲ್ಲಿ ಮೊದಲೇ ಬಂದಿದ್ದ ಹದಿಮೂರು ಮಂದಿ ಒಳಗೆ ಕಾಲಿಡದೆ ಅಂಗಳದಲ್ಲಿ ನಿಂತಿದ್ದರು.

"ರಾಹುಕಾಲ ಐತ್ರಿ," ಅಂದ ಅಟೆಂಡರ್ ಉಜ್ಜಿನಪ್ಪ. "ಹನ್ನೆರಡರ ತನಕ ಒಂದು ಕಾಗದಾನೂ ಒಳಗ ಹೋಗೂದು ಬ್ಯಾಡ. ಮೊದಲು ಹಾಲು ಉಕ್ಕಬೇಕು."

ಪ್ರಾಣೇಶನಿಗೆ ರಾಹುವಿನಲ್ಲಿ ನಂಬಿಕೆ ಇರಲಿಲ್ಲ. ನಂಬಿಕೆ ಇಲ್ಲ ಎಂದು ವಾದಿಸುವ ಉತ್ಸಾಹವೂ ಈಗೀಗ ಉಳಿದಿರಲಿಲ್ಲ. ಮೇಲಾಗಿ ನೀಲಗಂಗಮ್ಮ ಕೈಪಿಡಿಯ ಆರನೇ ಪುಟವನ್ನು ಅವನ ಮುಖದ ಮುಂದೆ ಹಿಡಿದಿದ್ದಳು. ನೌಕರರ ಭಾವನೆಗಳಿಗೆ ಧಕ್ಕೆ ಬಾರದಂತೆ ನೋಡಿಕೊಳ್ಳತಕ್ಕದ್ದು.

ಗುಡ್ಡಪ್ಪ ಕ್ಯಾಬಿನ್ನಿಂದ ಇಳಿದು ಬಂದ. "ಸರ, ಗಣಿಯಾಗ ಹನ್ನೆರಡೂವರೆಗೆ ನನ್ನ ಟೋಕನ್ ಐತಿ. ತಪ್ಪಿದರ ನಾಳಿಗೆ ಬೀಳತೈತಿ. ಹನ್ನೆರಡಕ್ಕ ನಾ ಇಲ್ಲಿಂದ ಬಿಡಬೇಕು. ಜಲ್ದಿ ಇಳಿಸಿಕೊಳ್ರಿ."

"ಹನ್ನೆರಡಕ್ಕ ಇಳಿಸೋಣ."

"ಹನ್ನೆರಡಕ್ಕ ಬಿಡಬೇಕು ಅಂದೆನ್ರಿ."

"ನೋಡೋಣ," ಅಂದ ಪ್ರಾಣೇಶ. ಅದು ಸಾಹೇಬರ ದನಿಯಂತೆ ಕೇಳಿಸಿತು. ಒಂದು ಕ್ಷಣ ಅವನಿಗೆ ಹಿತವಾಯಿತು.

ಕಚೇರಿಯ ಸ್ಟೋವು ಲಾರಿಯಲ್ಲಿತ್ತು. ಅದನ್ನು ಇಳಿಸುವಂತಿರಲಿಲ್ಲ. ಚಹದಂಗಡಿಯಿಂದ ಒಂದು ಸ್ಟೋವು ಎರವಲು ಬಂತು. ಸರಿಯಾಗಿ ಹನ್ನೆರಡಕ್ಕೆ ಹಾಲ್ ಒಳಗೆ ಹೊತ್ತಿಸಿದರು. ಉರಿ ಸಣ್ಣಗಿತ್ತು. ಹದಿಮೂರು ತಲೆಗಳು ಪಾತ್ರೆಯ ಮೇಲೆ ಬಾಗಿದವು.

ಹಾಲಿನ ಅಂಚಿನಲ್ಲಿ ಗುಳ್ಳೆ ಏಳುವಾಗ ಯಾರೋ, ಯಜಮಾನರು ಮುಂದ ನಿಂತು ನೋಡಬೇಕು ಅಂದರು. ಎಲ್ಲರೂ ಹಿಂದೆ ತಿರುಗಿದರು. ಪ್ರಾಣೇಶನೂ ತಿರುಗಿ ನೋಡಿದ. ಅವನ ಹಿಂದೆ ಯಾರೂ ಇರಲಿಲ್ಲ.

"ನೀವಾ ಬರ್ರಿ, ಸರ," ಅಂದಳು ನೀಲಗಂಗಮ್ಮ. "ಇವತ್ತಿಗಂತೂ ನೀವಾ ಯಜಮಾನರು."

ಅವನನ್ನು ಪೂರ್ವಕ್ಕೆ ಮುಖ ಮಾಡಿಸಿ ನಿಲ್ಲಿಸಿದರು. ಅಂಗಳದಲ್ಲಿ ಲಾರಿ ಸ್ಟಾರ್ಟ್ ಆದ ಸದ್ದು ಅವನಿಗೆ ಕೇಳಿಸಿತು. ಗೇರು ಬಿದ್ದದ್ದೂ ಕೇಳಿಸಿತು. ತಿರುಗಬೇಕು ಎಂದುಕೊಂಡ. ಹದಿಮೂರು ಮಂದಿ ಅವನಿಗೆಂದೇ ಜಾಗ ಬಿಟ್ಟು ನಿಂತಿದ್ದರು. ಎರಡು ತಿಂಗಳಲ್ಲಿ ಇಂಥದ್ದು ಇದೇ ಮೊದಲು. ಹಾಲು ಏರುತ್ತಿತ್ತು. ಅವನು ತಿರುಗಲಿಲ್ಲ.

ಹಾಲು ಉಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿ ಅಂಗಳಕ್ಕೆ ಬಂದಾಗ ಲಾರಿ ಇರಲಿಲ್ಲ.

ಗಣಿಗೆ ಹೊರಟ ಇನ್ನೊಂದು ಖಾಲಿ ಲಾರಿ ಹತ್ತಿ ಪ್ರಾಣೇಶ ಬೆಟ್ಟಕ್ಕೆ ಹೋದ. ಗುಡ್ಡಪ್ಪನ ಲಾರಿ ತೂಕದ ಕಟ್ಟೆ ದಾಟಿ ನಿಂತಿತ್ತು. ಅದಿರು ಗೋಪುರದಂತೆ ಏರಿತ್ತು. ಅದರ ಪಕ್ಕೆಯಿಂದ ಒಂದು ಮೇಜಿನ ಕಾಲು ಹೊರಗೆ ಚಾಚಿತ್ತು.

ಟೋಕನ್ ತಪ್ಪಬಾರದೆಂದು ಹೊರಟಿದ್ದೆ, ಸಾಮಾನು ಗಣಿಯಲ್ಲೇ ಇಳಿಸಿಡುವವನಿದ್ದೆ, ಸಾಲಿನಲ್ಲಿ ನಿಂತಾಗ ಕಣ್ಣು ಹತ್ತಿತು ಎಂದು ಗುಡ್ಡಪ್ಪ ಹೇಳಿದ. ಅದಿರು ತುಂಬುವ ಯಂತ್ರದವನು ಕೆಂಪು ತಾಡಪಾಲು ನೋಡಿ ಹಿಂದಿನ ಟ್ರಿಪ್ಪಿನ ಅದಿರು ಉಳಿದಿದೆ ಅಂದುಕೊಂಡನಂತೆ. ಎಚ್ಚರವಾಗುವಷ್ಟರಲ್ಲಿ ಮೂರು ಬಕೆಟ್ ಬಿದ್ದಿತ್ತು.

ಪ್ರಾಣೇಶ ತೂಕದ ಗುಮಾಸ್ತನ ಕಿಟಕಿಗೆ ಹೋದ. "ಇದನ್ನ ಕೆಳಗ ಸುರುವಬೇಕು. ಅಡಿಯಾಗ ಸರಕಾರಿ ಕಡತ ಅದಾವು."

"ತೂಕ ಆತು, ಪರ್ಮಿಟ್ಟೂ ಆತು," ಅಂದ ಅವನು. "ಇನ್ನ ಬಂದರದಾಗನ ಸುರುವಬೇಕು. ನಡುವ ಇಳಿಸಿದರ ಕೇಸ್ ಆಗತೈತಿ."

"ಕಡತಾರೀ."

"ಅವೂ ತೂಕದಾಗ ಬಂದಾವ್ರಿ. ಪರ್ಮಿಟ್‌ನಾಗ ಅದಿರು ಅಂತ ಐತಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಿಯಮ ಸರಿಯಾಗಿಯೇ ಇತ್ತು. ಅವನ ಕೈಗೆ ಕೊಟ್ಟಿದ್ದರೆ ಅವನೂ ಹಾಗೆಯೇ ಬರೆಯುತ್ತಿದ್ದ.

ಗುಡ್ಡಪ್ಪನ ಪಕ್ಕದಲ್ಲೇ ಕೂತು ಬೆಟ್ಟ ಇಳಿದ. ಹೊಸ ಕಚೇರಿಯ ಮುಂದೆ ಹದಿಮೂರು ಮಂದಿ ಕಾಗದದ ಲೋಟ ಹಿಡಿದು ನಿಂತಿದ್ದರು. ಅವನನ್ನು ಕಂಡು ಉಜ್ಜಿನಪ್ಪ ಕೈ ಎತ್ತಿದ. ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ನಿಲ್ಲಿಸು ಎಂದು ಪ್ರಾಣೇಶ ಹೇಳಲಿಲ್ಲ, ಗುಡ್ಡಪ್ಪನೂ ನಿಲ್ಲಿಸಲಿಲ್ಲ.

ಮೊಬೈಲಿಗೆ ಸಾಹೇಬರ ಫೋನ್ ಬಂತು. ಎಲ್ಲ ಸುಸೂತ್ರ ತಾನೆ ಅಂದರು. ಪ್ರಾಣೇಶ ನಡೆದದ್ದನ್ನು ಹೇಳಿದ. ಸಾಹೇಬರು, ಏನೇನು ಹೋಗಿದೆಯೋ ಅದರ ಪಟ್ಟಿ ಸಂಜೆಯೊಳಗೆ ಬೇಕು ಅಂದರು.

ಅವನು ಕೈಪಿಡಿಯ ಹಿಂಬದಿಯ ಖಾಲಿ ಪುಟ ತೆರೆದ. ಲಾರಿ ಕುಲುಕಿದಾಗಲೆಲ್ಲ ಬೆನ್ನ ಹಿಂದಿನ ತಗಡಿನಲ್ಲಿ ಅದಿರು ಜರಿಯುವ ಸದ್ದಾಗುತ್ತಿತ್ತು. ಅಕ್ಷರ ಸೊಟ್ಟಗಾಗದಂತೆ ನಿಧಾನಕ್ಕೆ ಬರೆದ.

ಕಬ್ಬಿಣದ ಬೀರು, ನಾಲ್ಕು. ಮೇಜು, ಆರು. ಕಾಲುವೆ ನಕ್ಷೆ, ಇನ್ನೂರ ಹನ್ನೊಂದು. ಸ್ಟೋವು, ಒಂದು. ನೌಕರರ ಸೇವಾ ಪುಸ್ತಕ, ಹದಿನಾಲ್ಕು.