ಹಾಡಿನ ಕ್ಲಾಸಿನವರು

ಭಾವ ಲಿಫ್ಟಿನೊಳಗೆ ಮಂಡಿಯೂರಿ, ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಮತ್ತೊಮ್ಮೆ ಅಳೆದರು. ಹೇಗೆ ಇಟ್ಟರೂ ಶವಪೆಟ್ಟಿಗೆ ಒಂದು ಗೇಣು ಹೊರಗೇ ಉಳಿಯುತ್ತಿತ್ತು.

"ಆಗಲ್ಲಮ್ಮ. ಮೆಟ್ಟಿಲಲ್ಲೇ ಇಳಿಸಬೇಕು."

ಮೂವತ್ತು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ, ಈಗ ನಾಲ್ಕು ಮಹಡಿ ಮೆಟ್ಟಿಲಿಳಿದು ಹೋಗಬೇಕು. ಅವನೇ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಎಂದು ಲಿಫ್ಟಿನ ಹೊರಗೆ ನಿಂತಿದ್ದ ಅವನ ಹೆಂಡತಿಗೆ ಅನ್ನಿಸಿ, ಅಳುವ ನಡುವೆಯೇ ನಗು ಬಂತು.

ಭಾವ ರಿಟೈರಾದ ಹೆಡ್‌ಮಾಸ್ತರು. ತಮ್ಮನ ಸಾವಿಗೂ ಟೈಮ್‌ಟೇಬಲ್ ಹಾಕಿದ್ದರು: ಯಾರು ಹೊರಬೇಕು, ಯಾರು ಎರಡು ಮಾತಾಡಬೇಕು, ಎಲ್ಲ ಹಾಳೆಯಲ್ಲಿತ್ತು. ಬಾಗಿಲಲ್ಲಿ ಇಸ್ತ್ರಿ ಬಟ್ಟೆ ತೊಟ್ಟ ಆರು ಜನ ಮುದುಡಿ ನಿಂತದ್ದು ಮಾತ್ರ ಹಾಳೆಯಲ್ಲಿರಲಿಲ್ಲ.

"ತಾವು ಯಾರು? ತಮ್ಮನಿಗೆ ಹೇಗೆ ಪರಿಚಯ?"

ಮುಂದಿದ್ದ ಬಸ್ ಡ್ರೈವರ್ ಪಕ್ಕದ ನರ್ಸಿನ ಮುಖ ನೋಡಿದ. "ನಾವು... ಹಾಡಿನ ಕ್ಲಾಸಿನವರು, ಸಾರ್."

ಭಾವನ ಮುಖ ಅರಳಿತು. "ಓಹೋ! ಒಂದು ಮಂಗಳವಾರ ತಪ್ಪಿಸ್ತಿರಲಿಲ್ಲ ಅವನು. ಆದ್ರೆ ನಮ್ಮೆದುರು ಒಂದು ದಿನ ಬಾಯಿ ಬಿಟ್ಟೋನಲ್ಲ. ಹೊರಡೋ ಮೊದಲು ನೀವೇ ಒಂದು ಹಾಡು ಹೇಳಿಬಿಡಿ."

ಹೆಂಡತಿ ಚಟ್ಟನೆ ಆ ಆರು ಜನರ ಕಡೆ ತಿರುಗಿದಳು.

*

ಹತ್ತೊಂಬತ್ತು ವರ್ಷದ ಹಿಂದೆ ಅವನ ಕೈ ನಡುಗಿ, ಸ್ಪ್ಯಾನರ್ ಜಾರಿ ಲಿಫ್ಟಿನ ಗುಂಡಿಗೆ ಬಿದ್ದಿತ್ತು. "ಇವತ್ತು ಅದು, ನಾಳೆ ನಾನು" ಎಂದು ಮನೆಗೆ ಬಂದು ಹೆಂಡತಿಯೆದುರು ಕುಸಿದು ಕೂತ. ಆಸ್ಪತ್ರೆಯವರು ಚೀಟಿ ಬರೆದುಕೊಟ್ಟರು: ಹಳೆಯ ಗ್ರಂಥಾಲಯ, ಮಂಗಳವಾರ ಸಂಜೆ ಆರಕ್ಕೆ. ಯಾವ ಕೋಣೆ ಎಂದು ಬರೆದಿರಲಿಲ್ಲ. ಕುಡುಕರು ಕೂರುವುದು ಎಲ್ಲಿ ಎಂದು ಕೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಮೇಲಿನ ಕೋಣೆಯಲ್ಲಿ ಹತ್ತು ಜನ ದುಂಡಗೆ ಕೂತಿದ್ದರು. ಹೋಗಿ ಕೂತ.

"ಎಲ್ಲರೂ ಕಣ್ಣು ಮುಚ್ಚಿ 'ಆ' ಅಂತ ಎಳೆದ್ರು ಕಣೇ. ಇದೂ ಒಂದು ಚಿಕಿತ್ಸೆ ಇರಬೇಕು ಅಂತ ನಾನೂ ಎಳೆದೆ," ಎಂದು ಆಮೇಲೆ ಹೆಂಡತಿಗೆ ಹೇಳಿದ್ದ.

ಹಾಗೆ ಮೂರು ವಾರ ಎಳೆದ. ನಾಲ್ಕನೆಯ ವಾರ ಹಾಡಿನ ಟೀಚರ್ ಪಕ್ಕಕ್ಕೆ ಕರೆದು, "ನೀವು ಹುಡುಕ್ತಿರೋದು ಕೆಳಗಿನ ಕೋಣೆ ಇರಬೇಕು. ವರ್ಷಕ್ಕೆ ಒಬ್ಬಿಬ್ಬರಾದ್ರೂ ಹೀಗೇ ಬರ್ತಾರೆ" ಎಂದು ಬಾಗಿಲ ತನಕ ಬಿಟ್ಟುಬಂದರಂತೆ. ಅಲ್ಲಿ ಅವನು ಮೊದಲ ಸಲ ತನ್ನ ಬಾಯಿಂದ "ನಾನು ಕುಡುಕ" ಎಂದ. ಯಾರೂ ಬುದ್ಧಿ ಹೇಳಲಿಲ್ಲ. "ಮುಂದಿನ ವಾರವೂ ಬನ್ನಿ" ಅಂದರು, ಅಷ್ಟೆ.

ಆಮೇಲೆ ಪ್ರತಿ ಮಂಗಳವಾರ ಅವನು ಅರ್ಧ ಗಂಟೆ ಮೊದಲೇ ಹೋಗಿ ಗ್ರಂಥಾಲಯದ ಬಾಗಿಲಲ್ಲಿ ನಿಲ್ಲುತ್ತಿದ್ದ. ತಡವರಿಸುತ್ತ ಬಂದವರ ಮುಖ ನೋಡಿ, ಅವರು ಕೇಳುವ ಮೊದಲೇ "ಕೆಳಗಡೆ, ಬಲಕ್ಕೆ" ಎನ್ನುತ್ತಿದ್ದ.

ಅಣ್ಣನಿಗೆ ಮಾತ್ರ ಹೇಳಲಿಲ್ಲ. "ನಮ್ಮ ಮನೆತನದಲ್ಲಿ ಕುಡುಕರಿಲ್ಲ, ಅವನಿಗೆ ಗ್ಯಾಸ್ಟ್ರಿಕ್" ಎಂದು ಅಣ್ಣ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. "ಅಣ್ಣನಿಗೆ ಅದು ಹಾಡಿನ ಕ್ಲಾಸೇ ಆಗಿರಲಿ ಬಿಡು," ಎಂದಿದ್ದ ಹೆಂಡತಿಗೆ. "ನಾನು ಹೋದಮೇಲೆ ನಿನ್ನಿಷ್ಟ."

*

ಆರು ಜನ ಸಾಲಾಗಿ ನಿಂತರು. ಆ ಕೆಳಗಿನ ಕೋಣೆಯಲ್ಲಿ ಯಾರು ಕೂರುತ್ತಾರೆಂದು ಹೊರಗೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟವರು ಅವರು. ಡ್ರೈವರ್ ಗಂಟಲು ಸರಿಮಾಡಿಕೊಂಡು ಒಂದು ಹಾಡು ಶುರುಮಾಡಿದ, ನರ್ಸ್ ಇನ್ನೊಂದು ಶುರುಮಾಡಿದಳು. ಉಳಿದವರು ಯಾವುದಕ್ಕೆ ದನಿ ಸೇರಿಸಬೇಕೆಂದು ತಿಳಿಯದೆ ಎರಡಕ್ಕೂ ಸೇರಿಸಿದರು. ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡ್ರೈವರನ ಕಿವಿ ಕೆಂಪಾಯಿತು, ಆದರೆ ಆಸಾಮಿ ಹಾಡು ನಿಲ್ಲಿಸಲಿಲ್ಲ.

ತನ್ನ ಗಂಡನ ಮಾನ ಕಾಯಲು ಇವರು ತಮ್ಮ ಮಾನ ಕಳೆದುಕೊಳ್ಳುವುದನ್ನು ನೋಡುತ್ತ ಕೂರಲು ಅವಳಿಂದ ಆಗಲಿಲ್ಲ.

"ಸಾಕು," ಎಂದು ಎದ್ದಳು. "ಭಾವ, ಇವರಿಗೆ ಹಾಡು ಬರಲ್ಲ. ನಿಮ್ಮ ತಮ್ಮನಿಗೂ ಬರ್ತಿರಲಿಲ್ಲ. ಇವರ ವಿಷಯ ಇವರಿಗೆ ಬಿಟ್ಟಿದ್ದು, ನಾನು ನನ್ನ ಗಂಡನದು ಹೇಳ್ತೀನಿ. ಅವರು ಕುಡೀತಿದ್ರು. ಗ್ಯಾಸ್ಟ್ರಿಕ್ ಅಲ್ಲ, ಕುಡಿತ. ಅದನ್ನ ಬಿಡೋಕೆ ಮಂಗಳವಾರ ಹೋಗ್ತಿದ್ರು. ಹತ್ತೊಂಬತ್ತು ವರ್ಷದಿಂದ ಒಂದು ತೊಟ್ಟು ಮುಟ್ಟಿರಲಿಲ್ಲ. ಲಿಫ್ಟು ರಿಪೇರಿ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ. ಇದನ್ನ ಮಾಡಿದೋರನ್ನ ತೋರಿಸಿ, ನೋಡೋಣ."

ಅವಳಿಗೆ ಹೆಮ್ಮೆಯಿಂದ ಎದೆಯುಬ್ಬಿತು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಇದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟೂ ಬಂತು.

ಭಾವ ಹಾಳೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ನನಗ್ಯಾಕೆ ಹೇಳಲಿಲ್ಲ ಅವನು?"

"ನೀವು ಕೇಳಿಸಿಕೊಳ್ಳೋ ಹಾಗಿರಲಿಲ್ಲ, ಭಾವ."

ಅವರು ಪೆಟ್ಟಿಗೆಯ ಹತ್ತಿರ ಹೋಗಿ ತಮ್ಮನ ಮುಖ ನೋಡಿದರು. ಮುಚ್ಚಳ ಹಾಕಿದ ಮೇಲೆ ಡ್ರೈವರನ ಕಡೆ ತಿರುಗಿದರು. "ನೀವೇ ಹೊರಿ. ನಿಮಗೆ ಅವನು ನನಗಿಂತ ಚೆನ್ನಾಗಿ ಗೊತ್ತು."

ಆರು ಜನ ಪೆಟ್ಟಿಗೆಗೆ ಹೆಗಲು ಕೊಟ್ಟರು. ಭಾವ ಮುಂದೆ ಮುಂದೆ ಇಳಿದರು. ಮೂರನೆಯ ಮಹಡಿಯಲ್ಲಿ ಬಾಗಿಲುಗಳು ತೆರೆದಾಗ, ಶಾಲೆಯ ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸುತ್ತಿದ್ದ ಅದೇ ದೊಡ್ಡ ದನಿ ಹೊರಬಿತ್ತು: "ದಾರಿ ಬಿಡಿ. ನನ್ನ ತಮ್ಮ. ಕುಡಿತ ಬಿಟ್ಟು ಹತ್ತೊಂಬತ್ತು ವರ್ಷ ಆಗಿತ್ತು." ಎರಡನೆಯ ಮಹಡಿಯಲ್ಲೂ ಅದನ್ನೇ ಹೇಳಿದರು, ಇನ್ನೂ ಗಟ್ಟಿಯಾಗಿ.

ಮೊದಲನೆಯ ಮಹಡಿಯಲ್ಲಿ, ಗಡ್ಡ ಬೆಳೆದ ಒಬ್ಬಾತ ಅರ್ಧ ಬಾಗಿಲು ತೆರೆದು ಕೇಳಿಸಿಕೊಳ್ಳುತ್ತಿದ್ದ. ಪೆಟ್ಟಿಗೆ ದಾಟಿಹೋಯಿತು, ಹಿಂದೆಯೇ ಅವಳು ಇಳಿದು ಬಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಬಾಗಿಲೆಳೆದು ಬಂದು, ಅವಳ ಪಕ್ಕದ ಮೆಟ್ಟಿಲಲ್ಲಿ ತಡವರಿಸಿ ನಿಂತ. ಬೆಳಗಿನ ಹತ್ತು ಗಂಟೆಗೇ ಅವನ ಉಸಿರಿನಲ್ಲಿದ್ದ ವಾಸನೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಅವಳು ಗೋಡೆಗೆ ಸರಿದು ಜಾಗ ಕೊಟ್ಟಳು. ಇಬ್ಬರೂ ಕೂಡಿಯೇ ಇಳಿದರು.