ಎರಡು ಕೋಣೆಗಳ ನಡುವಿನ ಸಂದು

ಹಳೆಯ ಮನೆಯ ಗೋಡೆ ಬಾಯಿಬಿಟ್ಟು ವರ್ಷವಾಗಿತ್ತು. ಮಳೆ ಹನಿದರೆ ಮಗುವನ್ನು ಎಲ್ಲಿ ಮಲಗಿಸುವುದೆಂಬ ಚಿಂತೆ. ಕೊನೆಗೊಂದು ದಿನ ಕಾರ್ಖಾನೆಯಲ್ಲಿ ತಯಾರಾದ ಹೊಸ ಮನೆ ಲಾರಿಯಲ್ಲಿ ಬಂತು.

ಕ್ರೇನಿಗೆ ಜೋತುಬಿದ್ದ ಕೋಣೆ ಕಿಟಕಿ, ಬಾಗಿಲುಗಳ ಸಮೇತ ಆಕಾಶದಲ್ಲಿ ಮೆಲ್ಲಗೆ ತೇಲಿತು. ಅದರ ಹಿಂದೆ ಇನ್ನೊಂದು. ಮೋಡಗಳೇ ಇಳಿದು ಬಂದು ಅಂಗಳದಲ್ಲಿ ಅಕ್ಕಪಕ್ಕ ಕೂತವೇನೋ ಎಂದು ಸೊಸೆ ನೋಡುತ್ತಲೇ ನಿಂತಳು. ಕ್ರೇನು ಹೊರಟುಹೋಗುವಷ್ಟರಲ್ಲಿ ಮಗು ಹೊಸ ಮನೆಯೊಳಗೆ ಹೋಗಿ ನಿದ್ದೆಹೋಗಿತ್ತು.

ಮಾವ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಬೆರಳು ಮಡಚಿ ಹೊಸ ಗೋಡೆಗೆ ಕುಟ್ಟಿದರು.

"ಟೊಳ್ಳು! ಇದೇನು ಮನೆಯಾ, ಬೆಂಕಿಪೊಟ್ಟಣವಾ?"

"ಬೆಂಕಿಪೊಟ್ಟಣಕ್ಕೆ ಕಿಟಕಿ ಇರಲ್ಲ, ಸುಮ್ನಿರಿ," ಅಂದರು ಅತ್ತೆ.

ಕೋಣೆಗಳ ನಡುವೆ ಬೆರಳಗಲದ ಸಂದು. ಅದರೊಳಗೆ ರಬ್ಬರ್ ಪಟ್ಟಿ. ಮಾವನ ಹುಬ್ಬು ಗಂಟಿಕ್ಕಿತು. "ಸಂದು ಬಿಟ್ಟು ಹೋದವನು ಮೇಸ್ತ್ರಿನೇ ಅಲ್ಲ!" ಸಿಮೆಂಟು ಕಲಸಿ, ಕರಣೆ ಹಿಡಿದು ಪಟ್ಟಿ ಕೀಳಲು ಬಗ್ಗಿದರು.

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ಮನೆಗಳನ್ನು ಪರೀಕ್ಷಿಸುವ ಸಂಶೋಧನಾ ಶೆಡ್ಡಿನಲ್ಲಿ ಕಸ ಗುಡಿಸುವವಳು ಅವಳು. ಮಾವನ ಎದುರು ಎಂದೂ ದನಿ ಎತ್ತಿದವಳಲ್ಲ.

"ಮಾವ... ಬೇಡ."

"ಅರೆ, ನಿನಗೂ ಬಾಯಿದೆಯಾ?"

"ನಮ್ಮ ಶೆಡ್ಡಲ್ಲಿ ಇಂಥ ಕೋಣೆಗಳನ್ನ ಅಲುಗಾಡೋ ನೆಲದ ಮೇಲಿಟ್ಟು ಭೂಕಂಪ ಬಂದ ಹಾಗೆ ಕುಲುಕ್ತಾರೆ. ಪಟ್ಟಿ ಇದ್ದ ಜೋಡಿ ಕೋಣೆಗಳು ತೊಟ್ಟಿಲಿನ ಹಾಗೆ ತೂಗಿ ನಿಂತ್ಕೊಂಡ್ವು. ಸಂದಿಗೆ ಸಿಮೆಂಟು ತುಂಬಿದ ಜೋಡಿ ಮೂಲೆ ಮೂಲೆ ಒಡೆದುಹೋಯ್ತು."

"ಯಾರೋ ಹೇಳಿದ್ದಾ?"

"ಚೂರು ಗುಡಿಸಿದ್ದೇ ನಾನು. ಮೂರು ಬುಟ್ಟಿ."

ಮಾವ ಕರಣೆ ಕೆಳಗಿಟ್ಟರು. ಹಳೆಯ ಮನೆಯ ಬಾಗಿಲನ್ನೇ ನೋಡಿದರು.

"ಮಳೆಗೆ ಮರ ಉಬ್ಬುತ್ತೆ ಅಂತ ಬಾಗಿಲಿಗೆ ನಾನೂ ಸಂದು ಬಿಡ್ತಿದ್ದೆ ಕಣಮ್ಮ."

"ಇದೂ ಹಂಗೇ ಮಾವ. ಬಿಸಿಲಿಗೆ ಹಿಗ್ಗೋಕೆ, ನೆಲ ಅಲುಗಿದ್ರೆ ಆಡೋಕೆ ಜಾಗ ಬೇಕು."

"ಸರಿ, ಕಲಸಿದ ಸಿಮೆಂಟನ್ನ ನಿನ್ನ ತಲೆಗೆ ಮೆತ್ಲಾ?" ಎಂದು ನಕ್ಕು, ಹೊಸ ಮನೆಯ ಬಾಗಿಲ ಮುಂದೆ ಕೂತು, ಅದೇ ಸಿಮೆಂಟಿನಲ್ಲಿ ಮೊಮ್ಮಗಳ ಕಾಲಳತೆಗೆ ಒಂದು ಪುಟ್ಟ ಮೆಟ್ಟಿಲು ಕಟ್ಟಿದರು. ಒಳಗೆ ಮಗು ನಿದ್ದೆಯಲ್ಲೇ ಮಗ್ಗುಲು ಬದಲಿಸಿತು.

ನಿಮ್ಮದೂ ಜೋಡಿಸಿದ ಮನೆಯೇ? ಸಂದು ಕಂಡ ಕೂಡಲೇ ಕರಣೆ ಎತ್ತಬೇಡಿ. ಪಟ್ಟಿ ಹರಿದಿದ್ದರೆ ಜೋಡಿಸಿದವರನ್ನೇ ಕರೆಸಿ, ಅಂಥದ್ದೇ ಮೆತ್ತನೆಯ ಪಟ್ಟಿ ಹಾಕಿಸಿ. ಮನೆಯಲ್ಲಿ ಯಾರಾದರೂ ಮೆಲ್ಲಗೆ "ಬೇಡ" ಅಂದರೆ, ಒಂದು ಗಳಿಗೆ ನಿಂತು ಕೇಳಿ.